ಒಂದು ಜೀಪು ಸಾಕಲು ಎರಡು ಗಾಡಿ ಬೇಕು

ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಅಡೂರು ಕಡೆಯ ತೋಟದ ಮನೆಗಳಿಗೆ ಹೋದರೆ ಕೊಟ್ಟಿಗೆಯ ಪಕ್ಕ, ಕಟ್ಟಿಗೆ ರಾಶಿಯ ಮಗ್ಗುಲಲ್ಲಿ, ತಾರ್ಪಾಲು ಹೊದ್ದು ನಿಂತ ಹಳೇ ಜೀಪು ಕಾಣಸಿಗುವುದು ಈಗಲೂ ಅಪರೂಪವಲ್ಲ. ಟಯರು ನೆಲಕ್ಕೆ ಕೂತಿದೆ. ಬಾನೆಟಿನೊಳಗೆ ಇಲಿ ಸಂಸಾರ ಹೂಡಿದೆ. ಮಾರುತ್ತೀರಾ ಎಂದರೆ ಯಜಮಾನರಿಗೆ ಸಿಟ್ಟು. "ಛೆ, ಅಪ್ಪ ತೆಗೆದ ಗಾಡಿ, ಕೊಡ್ಲಿಕ್ಕುಂಟಾ?" ಹಾಗಾದರೆ ಓಡಿಸಬಾರದೇ ಎಂದರೆ ಸ್ವರ ತಗ್ಗುತ್ತದೆ. "ಓಡಿಸಬಹುದು ಮಾರಾಯ್ರೇ, ದಾರಿಯಲ್ಲಿ ಕೈಕೊಟ್ಟರೆ ಎಳ್ಕೊಂಡು ಬರುವವರು ಯಾರು?"

ಈ ಎರಡನೇ ಮಾತನ್ನು ತಮಾಷೆ ಎಂದು ತಳ್ಳಿಹಾಕುವಂತಿಲ್ಲ. ಹಳೇ ಜೀಪುಗಳು ಸಾಯುತ್ತಿರುವುದು ಎಂಜಿನ್ ಹಾಳಾಗಿಯಲ್ಲ, ಬೆನ್ನಿಗೆ ನಿಲ್ಲುವ ಇನ್ನೊಂದು ಗಾಡಿ ಇಲ್ಲದೆ. ಜೀಪು ಸಾಕುತ್ತೇನೆ ಎಂದು ಹೊರಡುವವರು ಬಣ್ಣ, ಹುಡ್ಡು, ದಪ್ಪ ಟಯರು ಎಂದು ಲೆಕ್ಕ ಹಾಕುತ್ತಾರೆ. ಎಳೆದು ತರುವ ಗಾಡಿ, ಬಿಡಿಭಾಗ ಹೊರುವ ಗಾಡಿ, ಮೆಕ್ಯಾನಿಕನ್ನು ಮನೆಯಿಂದ ಕರೆತರುವ ಗಾಡಿ, ಇದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ. ಗಡಿ ಭಾಗದ ಮಟ್ಟಿಗಂತೂ ಆ ಎರಡನೇ ಗಾಡಿಯದ್ದೇ ಮೊದಲ ಲೆಕ್ಕವಾಗಬೇಕು.

ಮಹೀಂದ್ರಾದವರು ಅಮೆರಿಕದ ವಿಲ್ಲಿಸ್ ಜೀಪುಗಳನ್ನು ಮುಂಬಯಿಯಲ್ಲಿ ಜೋಡಿಸಲು ಆರಂಭಿಸಿದ್ದು 1940ರ ದಶಕದ ಕೊನೆಗೆ. ಬಾನೆಟು ಎತ್ತರಿಸಿಕೊಂಡಿರುವ ಸಿಜೆ-3ಬಿ ಮಾದರಿ ಅಮೆರಿಕದಲ್ಲಿ 1953ರಿಂದ 1968ರವರೆಗೆ ತಯಾರಾಯಿತು. ಅಲ್ಲಿ ನಿಂತ ಮೇಲೂ ಇಲ್ಲಿ ದಶಕಗಟ್ಟಲೆ ಮುಂದುವರಿಯಿತು. ಆಮೇಲೆ ಪೆಜೊ ಡೀಸೆಲ್ ಎಂಜಿನಿನ ಎಂಎಂ 540, ಮೇಜರ್, ಉದ್ದದ ಕಮಾಂಡರ್ ಬಂದವು. ಬಸ್ಸು ಹತ್ತದ ಗುಡ್ಡಗಳಿಗೆ ಟ್ರಿಪ್ ಹೊಡೆಯುತ್ತಿದ್ದುದು ಇವೇ. ಒಳಗೆ ಹತ್ತು ಜನ, ಹಿಂದೆ ನೇತಾಡುವವರು ನಾಲ್ಕು, ಮೇಲೆ ಅಡಿಕೆ ಗೋಣಿ. ಮಳೆಗಾಲದ ರಾತ್ರಿ ಹೆರಿಗೆ ನೋವು ಕಾಣಿಸಿಕೊಂಡರೆ, ಹಾವು ಕಚ್ಚಿದರೆ, ಊರಿಗೊಂದು ಜೀಪಿನ ಮನೆಯ ಬಾಗಿಲು ತಟ್ಟಿದ ನೆನಪು ಐವತ್ತು ದಾಟಿದ ಎಲ್ಲರಿಗೂ ಇದೆ. ಕೆಸರಲ್ಲಿ ಹೂತ ಲಾರಿಯನ್ನು, ಚರಂಡಿಗಿಳಿದ ಅಂಬಾಸಿಡರನ್ನು ಎಳೆದು ತೆಗೆಯುತ್ತಿದ್ದುದೂ ಈ ಜೀಪೇ. ಅದನ್ನು ಎಳೆಯಲು ಈಗ ಇನ್ನೊಂದು ಗಾಡಿ ಹುಡುಕಬೇಕಾಗಿ ಬಂದಿದೆ.

ಜೀಪಿನ ಯಂತ್ರ ಬಡಪಾಯಿ, ಸರಳ. ಕಂಪ್ಯೂಟರಿಲ್ಲ, ಸೆನ್ಸಾರಿಲ್ಲ. ಹಳೆಯ ಪೆಟ್ರೋಲ್ ವಿಲ್ಲಿಸಿಗೆ ಬ್ಯಾಟರಿ ಸತ್ತರೆ ಮುಂದಿನಿಂದ ಹ್ಯಾಂಡಲ್ ಹಾಕಿ ತಿರುಗಿಸಬಹುದು. ಆದರೆ ಸರಳವಾದದ್ದು ಹಾಳಾಗುವುದಿಲ್ಲ ಎಂದರ್ಥವಲ್ಲ. ಕಾಸರಗೋಡಿನಲ್ಲಿ ವರ್ಷಕ್ಕೆ 3,500 ಮಿ.ಮೀ. ಆಸುಪಾಸು ಮಳೆ, ಸಾಲದ್ದಕ್ಕೆ ಕಡಲ ಗಾಳಿ. ಚಾಸಿ ಒಳಗಿಂದಲೇ ತುಕ್ಕು ಹಿಡಿಯುತ್ತದೆ. ಡ್ರಮ್ ಬ್ರೇಕಿಗೆ ನೀರು ಹೊಕ್ಕರೆ ಪೆಡಲ್ ತುಳಿದಷ್ಟೂ ಜಾರುತ್ತದೆ. ವೀಲ್ ಸಿಲಿಂಡರಿನ ರಬ್ಬರು ಸೋರುತ್ತದೆ, ಸ್ಪ್ರಿಂಗ್ ಪ್ಲೇಟಿನ ಸೆಂಟರ್ ಬೋಲ್ಟು ತುಂಡಾಗುತ್ತದೆ. ಪೆಟ್ರೋಲ್ ಜೀಪಿನವರಿಗೆ ಇತ್ತೀಚೆಗೆ ಹೊಸ ತಲೆನೋವೂ ಸೇರಿದೆ. 2025ರ ಹೊತ್ತಿಗೆ ದೇಶದ ಬಂಕುಗಳಲ್ಲೆಲ್ಲ ಶೇ. 20 ಎಥನಾಲ್ ಬೆರೆತ ಪೆಟ್ರೋಲೇ ಸಾಮಾನ್ಯವಾಯಿತು. ಎಥನಾಲ್ ನೀರನ್ನು ಹೀರಿಕೊಳ್ಳುವ ವಸ್ತು. ಹಳೇ ಕಾಲದ ರಬ್ಬರ್ ಪೈಪು, ಪೆಟ್ರೋಲ್ ಪಂಪಿನ ಡಯಾಫ್ರಾಮು ಅದಕ್ಕೆ ತಾಳುವುದಿಲ್ಲ. ತಿಂಗಳುಗಟ್ಟಲೆ ನಿಲ್ಲಿಸಿದ ಜೀಪಿನ ಟ್ಯಾಂಕಿನಲ್ಲಿ ಅದನ್ನು ತುಂಬಿಸಿಡುವುದು ತುಕ್ಕಿಗೆ ಊಟ ಹಾಕಿದಂತೆ.

ಹೀಗೆ ನಡುದಾರಿಯಲ್ಲಿ ನಿಂತರೆ ಗಡಿಯವರ ಪಾಡು ಬೇರೆ. ಪೆರ್ಲದವರಿಗೆ ಜೀಪು ಬಲ್ಲ ಗ್ಯಾರೇಜು ವಿಟ್ಲದಲ್ಲೋ ಪುತ್ತೂರಿನಲ್ಲೋ ಉಂಟು, ಮುಳ್ಳೇರಿಯದವರು ಜಾಲ್ಸೂರು ದಾಟಿ ಸುಳ್ಯಕ್ಕೆ ಹೋಗಬೇಕು, ಮಂಜೇಶ್ವರದವರಿಗೆ ಮಂಗಳೂರು. ಬಿಡಿಭಾಗವೂ ಅತ್ತಲೇ, ಪಾಯಿಂಟ್ ಸೆಟ್ ಮಾಡಲು, ಗೇರ್ ಬಾಕ್ಸ್ ಬಿಚ್ಚಲು ಗೊತ್ತಿರುವ ಹಿರಿಯ ಮೇಸ್ತ್ರಿಯೂ ಅತ್ತಲೇ. ಕೆಎಲ್-14 ನಂಬರಿನ ಗಾಡಿ ನಿಂತಿರುವುದು ಇತ್ತ, ಅದರ ವೈದ್ಯ ಇರುವುದು ಅತ್ತ. 2020ರ ಮಾರ್ಚಿನಲ್ಲಿ ಕೊರೊನಾ ಹೆಸರಿನಲ್ಲಿ ಗಡಿಯ ರಸ್ತೆಗಳಿಗೆ ಮಣ್ಣು ಸುರಿದಾಗ ರೋಗಿಗಳೇ ಮಂಗಳೂರು ಸೇರಲಾಗಲಿಲ್ಲ. ಗ್ಯಾರೇಜಿನ ಗಾಡಿಯನ್ನು ಯಾರು ಕೇಳುತ್ತಾರೆ?

ವಯನಾಡು, ಗೂಡಲೂರಿನ ಕನ್ನಡಿಗರಿಗೆ ಗಡಿಯ ಜತೆ ಗಡಿಯಾರವೂ ಕಾಡುತ್ತದೆ. ಬಂಡೀಪುರದ ನಡುವೆ ಹಾದುಹೋಗುವ ಹೆದ್ದಾರಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ವಾಹನಗಳಿಗೆ ಬಂದ್. ಸಂಜೆ ಏಳೂವರೆಗೆ ಸುಲ್ತಾನ್ ಬತ್ತೇರಿ ಬಳಿ ಜೀಪು ನಿಂತಿತೆಂದರೆ, ಗುಂಡ್ಲುಪೇಟೆಯಿಂದ ಪರಿಚಯದ ಮೆಕ್ಯಾನಿಕ್ ಹೊರಟು ಬಂದು, ರಿಪೇರಿ ಮುಗಿಸಿ, ಒಂಬತ್ತರೊಳಗೆ ವಾಪಸು ಗೇಟು ದಾಟುವುದು ಕನಸಿನ ಮಾತು. ತಾಳವಾಡಿಯವರು ಚಾಮರಾಜನಗರದ ಕಡೆಗಾದರೆ ಬದುಕಿಕೊಳ್ಳುತ್ತಾರೆ. ಸತ್ಯಮಂಗಲಕ್ಕೆ ಇಳಿಯಬೇಕಾದರೆ ದಿಂಬಂ ಘಾಟಿಯ 27 ತಿರುವುಗಳು, ಅಲ್ಲೂ 2022ರ ಫೆಬ್ರವರಿಯಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧ. ಜತ್ತ, ಅಕ್ಕಲಕೋಟೆಯಂಥ ಬಯಲಿನಲ್ಲಿ ಇಷ್ಟು ಕಷ್ಟವಿಲ್ಲ, ಹೊಲದ ಟ್ರ್ಯಾಕ್ಟರೇ ಎಳೆದು ತಂದು ಮನೆ ಮುಂದೆ ಬಿಡುತ್ತದೆ. ಬಿಟ್ಟ ಮೇಲೆ ಬೇಕಾದ ಬಿಡಿಭಾಗ ಯಾರು ತರುತ್ತಾರೆ ಎಂಬ ಪ್ರಶ್ನೆ ಅಲ್ಲೂ ಇದ್ದೇ ಇದೆ.

ಸಾಮಾನ್ಯವಾಗಿ ಇಂಥ ಹೊತ್ತಿಗೆ ನಡೆಯುವುದೇನು? ಭಾವನಿಗೆ ಫೋನು. "ಭಾವಾ, ನಿಮ್ಮ ಪಿಕಪ್ ಉಂಟಲ್ಲ, ಒಂದು ಬಳ್ಳಿ ತಕ್ಕೊಂಡು ಬನ್ನಿ." ಭಾವ ಬರುತ್ತಾರೆ, ಬಾವಿಯ ಹಗ್ಗವೋ ತೆಂಗಿನ ಹುರಿಯೋ ತರುತ್ತಾರೆ, ಬಂಪರಿಗೆ ಗಂಟು ಹಾಕುತ್ತಾರೆ, ಹೊರಡುತ್ತಾರೆ. ನೂರಕ್ಕೆ ತೊಂಬತ್ತು ಸಲ ಏನೂ ಆಗುವುದಿಲ್ಲ ಎನ್ನುವುದೇ ಈ ಪದ್ಧತಿಯ ಅಪಾಯ.

ಹಗ್ಗ ಎಳೆಯಬಲ್ಲದು, ತಡೆಯಲಾರದು. ಏರಿನಲ್ಲಿ ಬಿಗಿಯಾಗಿರುವ ಹಗ್ಗ ಇಳಿಜಾರು ಬಂದ ಕೂಡಲೇ ಸಡಿಲವಾಗುತ್ತದೆ. ಆಗ ಹಿಂದಿನ ಜೀಪು ತನ್ನದೇ ಭಾರದಲ್ಲಿ ಮುಂದಿನ ಗಾಡಿಯ ಮೇಲೆ ಏರಿಹೋಗುತ್ತದೆ. ಸಿಜೆ-3ಬಿಯೇ ಹೆಚ್ಚುಕಡಿಮೆ ಒಂದು ಟನ್ ತೂಗುತ್ತದೆ, ಉದ್ದದ ಡೀಸೆಲ್ ಮಾದರಿಗಳು ಇನ್ನೂ ಭಾರ. ಇದನ್ನು ತಡೆಯಬೇಕಾದವನು ಜೀಪಿನಲ್ಲಿ ಕೂತ ಚಾಲಕ, ಅವನ ಕಾಲಡಿಯ ಬ್ರೇಕು. ಅಸಲು ಹಳೇ ವಿಲ್ಲಿಸಿನಲ್ಲಿ ಬ್ರೇಕಿಗೆ ಬೂಸ್ಟರಿಲ್ಲ, ಸ್ಟೀರಿಂಗಿಗೆ ಪವರಿಲ್ಲ. ಹಾಗಾಗಿ ಎಂಜಿನ್ ನಿಂತರೂ ಎರಡೂ ಯಥಾಪ್ರಕಾರ. ಬೂಸ್ಟರ್ ಇರುವ ಈಚಿನ ಮಾದರಿಗಳಲ್ಲಿ ಹಾಗಲ್ಲ. ಎಂಜಿನ್ ನಿಂತ ಮೇಲೆ ಒಂದೆರಡು ಸಲ ತುಳಿದರೆ ಮುಗಿಯಿತು, ಪೆಡಲ್ ಕಲ್ಲಿನಂತಾಗುತ್ತದೆ. ಪನತ್ತೂರಿನಿಂದ ಕರಿಕೆ, ಭಾಗಮಂಡಲದ ಕಡೆ ಹತ್ತಿ ಇಳಿಯುವ ರಸ್ತೆಯಲ್ಲಿ ಇದು ಗೊತ್ತಿಲ್ಲದ ಹುಡುಗನನ್ನು ಸ್ಟೀರಿಂಗಿಗೆ ಕೂರಿಸುವುದು ಜೀವದ ಜತೆ ಆಟ.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. ಕೆಟ್ಟು ನಿಂತ ಗಾಡಿಯನ್ನು ಎಳೆದೊಯ್ಯುವಾಗ ಅದರ ಚಾಲಕನ ಸೀಟಿನಲ್ಲಿ ಲೈಸೆನ್ಸ್ ಇರುವ ವ್ಯಕ್ತಿ ಕೂತಿರಬೇಕು. ಎರಡು ಗಾಡಿಗಳ ನಡುವಿನ ಅಂತರ 5 ಮೀಟರ್ ದಾಟಬಾರದು. ಹಗ್ಗವೋ ಸರಪಳಿಯೋ ಇತರರಿಗೆ ಎದ್ದು ಕಾಣುವಂತಿರಬೇಕು. ಹಿಂದಿನ ಗಾಡಿಯ ಬೆನ್ನಿಗೆ ಬಿಳಿ ಹಲಗೆಯ ಮೇಲೆ ಕಪ್ಪು ಅಕ್ಷರದಲ್ಲಿ 'ಆನ್ ಟೋ' ಎಂದು ಬರೆದಿರಬೇಕು. ವೇಗ ಗಂಟೆಗೆ 25 ಕಿ.ಮೀ. ಮೀರಬಾರದು. ಎಳೆದೊಯ್ಯಲು ಅವಕಾಶ ಇರುವುದೂ ಹತ್ತಿರದ ಗ್ಯಾರೇಜಿಗೆ ಅಥವಾ ಬಂಕಿಗೆ. ಕಾಸರಗೋಡಿನಿಂದ ಸುಮಾರು 50 ಕಿ.ಮೀ. ದೂರದ ಮಂಗಳೂರಿಗೆ ಹಗ್ಗ ಕಟ್ಟಿ ಎಳೆದೊಯ್ಯುವುದನ್ನು ಹತ್ತಿರದ ಗ್ಯಾರೇಜು ಎಂದು ಯಾವ ಪೊಲೀಸರೂ ಒಪ್ಪಲಿಕ್ಕಿಲ್ಲ. ಅದೂ ಆರು ಪಥದ ಹೆದ್ದಾರಿಯಲ್ಲಿ ಇಪ್ಪತ್ತೈದರ ವೇಗದಲ್ಲಿ ಹೋಗುವ ಗಾಡಿಯನ್ನು ಹಿಂದಿನಿಂದ ಬರುವ ಟ್ಯಾಂಕರಿನವನು ಕಾಣುವಷ್ಟರಲ್ಲಿ ತಡವಾಗಿರುತ್ತದೆ. ದೂರದ ದಾರಿಗೆ ಹಲಗೆಯ ಮೇಲೆ ಹೇರಿಕೊಂಡು ಹೋಗುವ ರಿಕವರಿ ಗಾಡಿಯನ್ನೇ ಕರೆಸಬೇಕು, ಇದರಲ್ಲಿ ಜಿಪುಣತನ ಬೇಡ.

ಹಾಗಾದರೆ ಮನೆಯ ಎರಡನೇ ಗಾಡಿಗೆ ಕೆಲಸವೇನು? ಬೇಕಾದಷ್ಟಿದೆ. ತೋಟದ ದಾರಿಯಿಂದ ಟಾರು ರಸ್ತೆಗೆ, ಅಲ್ಲಿಂದ ಪೇಟೆಯ ಗ್ಯಾರೇಜಿಗೆ ಎಳೆಯುವುದು ಅದರ ಪಾಲು. ಹಗ್ಗದ ಬದಲು ತ್ರಿಕೋನಾಕಾರದ ಕಬ್ಬಿಣದ ಟೋ ಬಾರ್ ಇದ್ದರೆ ಹಿಂದಿನ ಗಾಡಿ ಮುಂದಿನದಕ್ಕೆ ಗುದ್ದುವ ಭಯ ತಪ್ಪುತ್ತದೆ. ಒಳ್ಳೆಯ ವೆಲ್ಡರು ಇದನ್ನು ಮಾಡಿಕೊಡಬಲ್ಲ, ಆದರೆ ಅದನ್ನು ಬಂಪರಿಗಲ್ಲ, ಚಾಸಿಗೆ ಸೇರಿಸಬೇಕು. ಬಂಪರಿನ ಬೋಲ್ಟು ಕಿತ್ತು ಹಾರಿದರೆ ಗುಂಡಿನಂತೆ ಬರುತ್ತದೆ. ಕೆಸರಿನಿಂದ ಎಳೆಯುವಾಗ ಬಿಗಿದ ಹಗ್ಗದ ಪಕ್ಕ ಮಕ್ಕಳು ನಿಂತು ನೋಡುವುದೂ ಅಷ್ಟೇ ಅಪಾಯ. ಎಳೆಯುವ ಮೊದಲು ಜೀಪಿನ ಟ್ರಾನ್ಸ್‌ಫರ್ ಕೇಸಿನ ಲಿವರನ್ನು ನ್ಯೂಟ್ರಲಿಗೆ ಹಾಕಿದರೆ ಚಕ್ರಗಳು ಮಾತ್ರ ತಿರುಗುತ್ತವೆ, ಗೇರ್ ಬಾಕ್ಸ್ ಸುಮ್ಮನಿರುತ್ತದೆ. ನಾಲ್ಕೂ ಚಕ್ರ ನೆಲದ ಮೇಲಿಟ್ಟು ಎಳೆಸಿಕೊಳ್ಳಲು ಜೀಪಿನಷ್ಟು ಅನುಕೂಲದ ಗಾಡಿ ಕಡಿಮೆ. ಹಿಂದಿನ ಡಿಫರೆನ್ಶಿಯಲ್ಲೇ ಕೆಟ್ಟಿದ್ದರೆ ಮಾತ್ರ ಎಳೆಯುವ ಯೋಚನೆ ಬಿಟ್ಟು ಹೇರಿಕೊಂಡೇ ಹೋಗಬೇಕು.

ಎರಡನೇ ಗಾಡಿ ಯಾವುದಿರಬೇಕು ಎಂಬುದಕ್ಕೆ ಶೋಕಿಯ ಉತ್ತರ ಬೇಡ. ಎಳೆಯುವ ಗಾಡಿ ಎಳೆಸಿಕೊಳ್ಳುವ ಗಾಡಿಗಿಂತ ಭಾರವಿರಬೇಕು, ಬ್ರೇಕು ಗಟ್ಟಿ ಇರಬೇಕು, ಹಿಂದೆ ಸಾಮಾನು ಹಾಕಲು ಜಾಗ ಬೇಕು. ಸಣ್ಣ ಕಾರಿಗೆ ಜೀಪು ಕಟ್ಟಿದರೆ ಕ್ಲಚ್ಚು ಸುಡುವುದು ಖಚಿತ. ಮುಂದೆ ಐದು ಜನ ಕೂತು ಹಿಂದೆ ತೆರೆದ ಡಬ್ಬಿ ಇರುವ ಬೊಲೆರೊ ಕ್ಯಾಂಪರಿನಂಥ ಪಿಕಪ್ಪು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ನಿತ್ಯ ಅದು ಅಡಿಕೆ, ಗೊಬ್ಬರ, ಹಾಲಿನ ಕ್ಯಾನು ಹೊರುತ್ತದೆ, ಜೀಪಿನ ಕೆಲಸ ಅದಕ್ಕೆ ವರ್ಷಕ್ಕೆ ನಾಲ್ಕೈದು ಸಲ. ಇಂಥದ್ದು ಸರಕು ಗಾಡಿಯಾಗಿ ನೋಂದಣಿಯಾಗುತ್ತದೆ. ಒಟ್ಟು ತೂಕ 3,000 ಕಿಲೋ ಮೀರದ ಸರಕು ಗಾಡಿಗೆ 1988ರ ಮೋಟಾರು ವಾಹನ ಕಾಯಿದೆ ಪರ್ಮಿಟ್ ಕೇಳುವುದಿಲ್ಲ. ಆದರೆ ಫಿಟ್ನೆಸ್ ತಪ್ಪದು, ಹೊಸತಿಗೆ ಎರಡು ವರ್ಷಕ್ಕೊಮ್ಮೆ, ಎಂಟು ವರ್ಷ ದಾಟಿದರೆ ವರ್ಷ ವರ್ಷ. ಬಿಳಿ ಬೋರ್ಡಿನ ಪಿಕಪ್ಪೇ ಬೇಕೆನ್ನುವವರಿಗೆ 2016ರಲ್ಲಿ ಬಂದ ಇಸುಜು ವಿ-ಕ್ರಾಸ್ ಇದೆ, ಬೆಲೆ ಕೇಳಿದರೆ ಜೀಪು ಸಾಕುವ ಆಸೆಯೇ ಇಳಿಯಬಹುದು.

ಪಿಕಪ್ಪಿನ ಡಬ್ಬಿಯಲ್ಲಿ ಒಂದು ಮರದ ಪೆಟ್ಟಿಗೆ ಸದಾ ಇರಬೇಕು. ಹಳೇ ವಿಲ್ಲಿಸಿಗೆ ಇಂಚಿನ ಸ್ಪ್ಯಾನರ್, ಪೆಜೊ ಡೀಸೆಲಿಗೆ ಮಿಲಿಮೀಟರಿನದ್ದು. ಎರಡರ ಸೆಟ್ಟನ್ನು ಒಂದೇ ಡಬ್ಬಿಗೆ ಸುರಿದಿಟ್ಟವರು ಕತ್ತಲಲ್ಲಿ ಬೋಲ್ಟಿನ ತಲೆ ಉರುಟು ಮಾಡಿ ಆಮೇಲೆ ಉಳಿ ಹುಡುಕುತ್ತಾರೆ. ಫ್ಯಾನ್ ಬೆಲ್ಟು, ರೇಡಿಯೇಟರ್ ಹೋಸು, ಪಾಯಿಂಟು ಮತ್ತು ಕಂಡೆನ್ಸರು, ಪೆಟ್ರೋಲ್ ಪಂಪಿನ ಕಿಟ್ಟು, ವೀಲ್ ಸಿಲಿಂಡರಿನ ಕಿಟ್ಟು, ಬ್ರೇಕ್ ಆಯಿಲು, ಸೆಂಟರ್ ಬೋಲ್ಟು, ಯು ಬೋಲ್ಟು, ಗ್ರೀಸ್ ಗನ್ನು, ಎರಡು ಜಾಕಿ, ಜಾಕಿಯಡಿ ಇಡಲು ದಪ್ಪ ಹಲಗೆ. ಇಷ್ಟಿದ್ದರೆ ಹತ್ತರಲ್ಲಿ ಆರು ಸಲ ಎಳೆಯುವ ಅಗತ್ಯವೇ ಬಾರದು. ಬೆಂಬಲದ ಗಾಡಿಯ ನಿಜವಾದ ಉಪಯೋಗ ಇಲ್ಲಿದೆ. ಎಳೆಯುವುದಕ್ಕಿಂತ ಹೆಚ್ಚಾಗಿ, ಜೀಪು ನಿಂತಲ್ಲಿಗೇ ಮೇಸ್ತ್ರಿಯನ್ನೂ ಸಾಮಾನನ್ನೂ ಮುಟ್ಟಿಸುವುದು. ಅರುವತ್ತು ದಾಟಿದ ಆ ಮೇಸ್ತ್ರಿಗಳು ಬೈಕಿನಲ್ಲಿ ಇಪ್ಪತ್ತು ಮೈಲಿ ಬರಲಾರರು, ಪಿಕಪ್ಪಿನಲ್ಲಿ ಕರೆದರೆ ಬರುತ್ತಾರೆ. ಬಂದಾಗ ಮನೆಯ ಹುಡುಗರು ಪಕ್ಕದಲ್ಲಿ ನಿಂತು ಟಾರ್ಚು ಹಿಡಿದರೂ ಸಾಕು, ಒಂದಷ್ಟು ವಿದ್ಯೆ ಉಳಿದೀತು. ಬಿಡಿಭಾಗ ಇಂದಲ್ಲ ನಾಳೆ ಎಲ್ಲಿಂದಲಾದರೂ ತರಿಸಬಹುದು, ಕೈ ತಿಳಿದ ಮೇಸ್ತ್ರಿಯನ್ನು ತರಿಸಲಾಗದು.

ಕಾಗದಪತ್ರದ ಕಥೆ ಬೇರೆ. 15 ವರ್ಷ ದಾಟಿದ ಖಾಸಗಿ ಗಾಡಿಯ ಮರುನೋಂದಣಿ ಶುಲ್ಕ 2022ರ ಏಪ್ರಿಲಿನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. 20 ವರ್ಷ ದಾಟಿದವಕ್ಕೆ 2025ರ ಆಗಸ್ಟಿನಲ್ಲಿ 10,000 ಆಯಿತು. 50 ವರ್ಷ ದಾಟಿದ ಗಾಡಿಗಳಿಗೆಂದು 2021ರಲ್ಲಿ ವಿಂಟೇಜ್ ನೋಂದಣಿ ಬಂತು, ಹೊಸದಾಗಿ ಮಾಡಿಸಲು 20,000 ರೂಪಾಯಿ, ನಂಬರಿನಲ್ಲಿ 'ವಿಎ' ಎಂಬ ಗುರುತು. ಕೇಳಲು ಚಂದ. ಆದರೆ ಆ ನಂಬರಿನ ಗಾಡಿ ಪ್ರದರ್ಶನ, ರ‍್ಯಾಲಿ, ಪೆಟ್ರೋಲು, ರಿಪೇರಿ ಇಂಥ ಕೆಲಸಕ್ಕೆ ಮಾತ್ರ ರಸ್ತೆಗಿಳಿಯಬಹುದು, ನಿತ್ಯ ಓಡಾಟಕ್ಕಿಲ್ಲ. ಜತೆಗೆ ಗಾಡಿ ಮೂಲ ರೂಪದಲ್ಲೇ ಇರಬೇಕು, ಚಾಸಿ, ಬಾಡಿ, ಎಂಜಿನು ಬದಲಾಗಿರಬಾರದು. ಪೆಟ್ರೋಲ್ ಎಂಜಿನ್ ಕಿತ್ತು ಡೀಸೆಲ್ ಕೂರಿಸಿಕೊಂಡ ಜೀಪಿಗೆ ಆ ಬಾಗಿಲು ಮುಚ್ಚಿದೆ. ಕಂಪೆನಿಯ ಮೂಲ ವಿನ್ಯಾಸ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ತೀರ್ಪು ಕೊಟ್ಟದ್ದು ಕೇರಳದಿಂದ ಹೋದ ಪ್ರಕರಣದಲ್ಲೇ. ಗಡಿಯವರು ಮರೆಯುವ ಇನ್ನೊಂದು ಸಂಗತಿ, ಒಂದು ರಾಜ್ಯದ ಗಾಡಿಯನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿಯ ನೋಂದಣಿ ಬೇಕು. ಪುತ್ತೂರಿನ ಅಳಿಯನ ಮನೆಯಲ್ಲಿ ವರ್ಷಗಟ್ಟಲೆ ನಿಂತ ಕೆಎಲ್-14 ಜೀಪಿಗೆ ಈ ಮಾತು ಅನ್ವಯಿಸುತ್ತದೆ. ಕೆಟ್ಟು ನಿಂತಿದೆ, ಎಳೆದೊಯ್ಯುವುದಷ್ಟೇ ಎಂದು ವಿಮೆ ಕಟ್ಟದೆ ಬಿಡುವುದೂ ಸರಿಯಲ್ಲ. ಎಳೆಯುವಾಗ ಯಾರಿಗಾದರೂ ತಗುಲಿದರೆ ಮನೆ ಮಾರಬೇಕಾದೀತು.

ಇಷ್ಟೆಲ್ಲ ಓದಿದ ಮೇಲೆ "ಒಂದು ಜೀಪಿಗೆ ಇಷ್ಟು ಖರ್ಚಾ? ಇದು ದುಡ್ಡಿದ್ದವರ ಶೋಕಿ" ಎಂದು ಯಾರಾದರೂ ಅಂದರೆ ಆ ಮಾತಿನಲ್ಲಿ ಹುರುಳಿದೆ. ಅಡಿಕೆಗೆ ಕೊಳೆರೋಗ ಬಂದ ವರ್ಷ, ಮಕ್ಕಳ ಫೀಸು ಕಟ್ಟುವ ತಿಂಗಳು, ಎರಡನೇ ಗಾಡಿಯ ಕಂತು ಎಂದರೆ ಯಾರ ಎದೆಯೂ ಝಲ್ಲೆನ್ನುತ್ತದೆ. ಪೇಟೆಯಲ್ಲಿ ಹೊಸ ಥಾರ್ ತೆಗೆದು, ಮುಂದೆ ವಿಂಚು ಕಟ್ಟಿ, ಡಾಂಬರು ಬಿಟ್ಟು ಇಳಿಯದವರ ಮಾತು ಬಿಡಿ. ಇಲ್ಲಿ ಹೇಳುತ್ತಿರುವುದು ಹಳೇ ಜೀಪು ಇನ್ನೂ ಕೆಲಸಕ್ಕೆ ಬರಬೇಕು ಎನ್ನುವ ಮನೆಗಳ ಬಗ್ಗೆ. ಅವರು ಎರಡು ಗಾಡಿಯನ್ನು ಒಬ್ಬರೇ ಸಾಕಬೇಕೆಂದೇನೂ ಇಲ್ಲ. ಒಂದು ಊರಿನಲ್ಲಿ ಮೂರು ಜೀಪಿದ್ದರೆ ಮೂರೂ ಮನೆಗೆ ಸೇರಿ ಒಂದು ಟೋ ಬಾರು, ಒಂದು ಪೆಟ್ಟಿಗೆ ಸಾಮಾನು ಸಾಕು. ಪಿಕಪ್ಪು ಆಗಲೇ ಯಾರದಾದರೂ ಮನೆಯಲ್ಲಿ ಇದ್ದೇ ಇರುತ್ತದೆ. ಕಾಡಿಬೇಡಿ ಕರೆಯುವ ಬದಲು ಮೊದಲೇ ಮಾತಾಡಿಕೊಂಡರಾಯಿತು. ಕಟ್ಟ, ಕಣಿ, ಬಾವಿ ಎಲ್ಲವನ್ನೂ ನಾಲ್ಕು ಮನೆ ಸೇರಿ ನೋಡಿಕೊಂಡ ಊರುಗಳಿಗೆ ಇದು ಹೊಸತೇನಲ್ಲ.

ಅಷ್ಟೂ ಆಗದು ಎನ್ನುವವರು ಆ ಜೀಪನ್ನು ಓಡಿಸುವವರಿಗೆ ಕೊಡಬೇಕು. ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕಾಗಿದೆ. ಅಪ್ಪ ತೆಗೆದ ಗಾಡಿ ಎಂಬ ಪ್ರೀತಿ ಸತ್ಯವೇ, ಆದರೆ ತಾರ್ಪಾಲಿನಡಿ ಕಳೆದ ಒಂದೊಂದು ಮಳೆಗಾಲವೂ ಆ ಗಾಡಿಯನ್ನು ಗುಜರಿಗೆ ಒಂದು ಹೆಜ್ಜೆ ಹತ್ತಿರ ಮಾಡುತ್ತದೆ. ನಾಲ್ಕು ವರ್ಷ ಬಿಟ್ಟು ಗುಜರಿಯವನಿಗೆ ಕಿಲೋ ಲೆಕ್ಕದಲ್ಲಿ ಕೊಡುವುದಕ್ಕಿಂತ, ಇಂದು ಅದನ್ನು ತೊಳೆದು, ಬಿಚ್ಚಿ, ಓಡಿಸುವ ಸುಳ್ಯದ ಹುಡುಗನಿಗೋ ಮಾನಂದವಾಡಿಯ ಕೃಷಿಕನಿಗೋ ಕೊಟ್ಟರೆ ಅಪ್ಪನ ಗಾಡಿ ರಸ್ತೆಯಲ್ಲಾದರೂ ಇರುತ್ತದೆ. ಕೊಡುವಾಗ ಹೆಸರು ವರ್ಗಾವಣೆ, ರಾಜ್ಯ ದಾಟುವುದಾದರೆ ಎನ್‌ಒಸಿ, ಇವನ್ನು ಮುಗಿಸದೆ ಕೀಲಿಕೈ ಕೊಡಬಾರದು. ನೋಂದಣಿ ಪುಸ್ತಕದಲ್ಲಿ ಹಳೇ ಹೆಸರೇ ಇದ್ದರೆ ಮುಂದಿನ ಅಪಘಾತದ ನೋಟೀಸು ಹಳೇ ಮನೆಗೇ ಬರುತ್ತದೆ.

ಇಟ್ಟುಕೊಳ್ಳುವವರಿಗೆ ಮೇ ತಿಂಗಳು ಒಳ್ಳೆಯ ಸಮಯ. ತೋಟದ ಕೆಲಸ ಕಡಿಮೆ, ನೆಲ ಒಣಗಿದೆ, ರಜೆಯಲ್ಲಿ ಹುಡುಗರು ಮನೆಯಲ್ಲಿದ್ದಾರೆ. ಜೀಪು ಹೊರತೆಗೆದು ಬ್ರೇಕ್ ಡ್ರಮ್ಮು ಬಿಚ್ಚಿ ನೋಡುವುದು, ಟ್ಯಾಂಕು ಬರಿದು ಮಾಡುವುದು, ಪಿಕಪ್ಪಿಗೆ ಟೋ ಬಾರು ಕೂರುತ್ತದೋ ಎಂದು ಅಂಗಳದಲ್ಲೇ ಒಮ್ಮೆ ಕಟ್ಟಿ ಎಳೆದು ನೋಡುವುದು, ಇವನ್ನು ಆಗ ಮಾಡಿಕೊಳ್ಳಬೇಕು. ಪಿಕಪ್ಪಿನವರ ಡೀಸೆಲು ಯಾರು ಹಾಕಿಸುವುದು, ಮೇಸ್ತ್ರಿಯ ಸಂಬಳವನ್ನು ಯಾರ ಲೆಕ್ಕಕ್ಕೆ ಹಾಕುವುದು ಎಂಬುದನ್ನೂ ಜೂನಿಗೆ ಮೊದಲೇ ಕೂತು ಬರೆದಿಟ್ಟುಕೊಂಡರೆ ಭಾವ-ಮೈದುನರ ನಡುವೆ ಆಮೇಲೆ ಮಾತು ಬೆಳೆಯುವುದಿಲ್ಲ.